ಅರ್ಲಿ ಡೇ ಮೋಷನ್: ದಿನವೇ ಗೊತ್ತಾಗದ ಗೊತ್ತುವಳಿ

ಮೊನ್ನೆ ಮತ್ತೆ ಅದೇ ಬಗೆಯ ಶೀರ್ಷಿಕೆ ಕಣ್ಣಿಗೆ ಬಿತ್ತು: ‘ಕಪ್ಪುವರ್ಣೀಯ ತಾಯಂದಿರ ಸಾವು, ಬ್ರಿಟನ್ ಸಂಸತ್ತಿನಲ್ಲಿ ನಿರ್ಣಯ’. ಒಳಗೆ ಓದಿದರೆ ಅದು ನಿರ್ಣಯ ಅಲ್ಲವೇ ಅಲ್ಲ, ಅರ್ಲಿ ಡೇ ಮೋಷನ್. ಒಬ್ಬ ಸಂಸದೆ ಬರೆದು ಕೊಟ್ಟಿದ್ದಾರೆ, ಇನ್ನು ಕೆಲವರು ಸಹಿ ಹಾಕಿದ್ದಾರೆ, ಅಷ್ಟೇ. ಸದನ ಅದನ್ನು ಚರ್ಚಿಸಿಲ್ಲ, ಮತಕ್ಕೆ ಹಾಕಿಲ್ಲ, ಒಪ್ಪಿಲ್ಲ, ತಳ್ಳಿಹಾಕಿಯೂ ಇಲ್ಲ. ನಮ್ಮಲ್ಲಿಗೆ ಬರುವಷ್ಟರಲ್ಲಿ ಅದು ‘ನಿರ್ಣಯ’ ಆಗಿರುತ್ತದೆ. ಭಾರತದ ವಿಷಯವಾಗಿದ್ದರಂತೂ ಕೇಳೋದೇ ಬೇಡ, ವಾಟ್ಸ್‌ಆ್ಯಪ್‌ನಲ್ಲಿ ಅದು ‘ಬ್ರಿಟನ್ ಸರ್ಕಾರದ ನಿಲುವು’ ಆಗುವ ತನಕ ಬೆಳೆಯುತ್ತದೆ.

ಮೊದಲು ಹೆಸರು ನೋಡೋಣ. ‘ಅರ್ಲಿ’ ಅಂದ ತಕ್ಷಣ ಬೆಳಗಿನ ಜಾವ ಅಂದುಕೊಳ್ಳಬೇಡಿ. ಇದು ಕೆಳಮನೆಯ ಹಳೆಯ ಮಾತು. ಒಬ್ಬ ಸದಸ್ಯ ಒಂದು ಮೋಷನ್‌ಗೆ ನೋಟಿಸ್ ಕೊಟ್ಟರೆ ಯಾವ ದಿನ ಚರ್ಚೆ ಎಂದು ಹೇಳಬೇಕು. ದಿನ ಗೊತ್ತಿಲ್ಲದಿದ್ದರೆ ‘ಆದಷ್ಟು ಬೇಗ ಒಂದು ದಿನ’ ಅನ್ನಬೇಕು. ಆ ‘ಆದಷ್ಟು ಬೇಗ ಒಂದು ದಿನ’ವೇ ಅರ್ಲಿ ಡೇ. ಆ ದಿನ ಬರುತ್ತದೆಯೇ? ಇಲ್ಲ ಅಂತಲೇ ಇಟ್ಟುಕೊಳ್ಳಿ. ಸದನದ ಸಮಯ ಸದಸ್ಯರ ಕೈಯಲ್ಲಿಲ್ಲ. ಕೆಲವು ವಿನಾಯಿತಿ ಬಿಟ್ಟರೆ ಪ್ರತಿ ಬೈಠಕ್ಕಿನಲ್ಲೂ ಸರ್ಕಾರದ ಕಲಾಪಕ್ಕೇ ಮೊದಲ ಸ್ಥಾನ ಎಂದು ಅಲ್ಲಿನ 14ನೇ ಸ್ಥಾಯಿ ನಿಯಮ ಹೇಳುತ್ತದೆ. ನಮ್ಮೂರುಗಳಲ್ಲಿ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ದೆವ್ವ ದಿನಾ ಬಂದು, ಓದಿ, ವಾಪಸ್ ಹೋಗುತ್ತಿತ್ತಂತೆ. ಅರ್ಲಿ ಡೇ ಅನ್ನೋದು ಹೆಚ್ಚುಕಡಿಮೆ ಆ ‘ನಾಳೆ’ಯೇ. ಇದು ಅಲ್ಲಿನ ಸಂಸದರಿಗೂ ಚೆನ್ನಾಗಿ ಗೊತ್ತು. ಚರ್ಚೆ ಆಗಲಿ ಎಂದು ಇದನ್ನು ಬರೆಯುವವರು ತೀರಾ ಕಡಿಮೆ. ದಾಖಲಾಗಲಿ, ಎಷ್ಟು ಜನ ಸಹಿ ಹಾಕುತ್ತಾರೆ ನೋಡೋಣ ಎಂದು ಬರೆಯುತ್ತಾರೆ.

ಇನ್ನು ‘ಮೋಷನ್’. ನಮ್ಮ ಗೊಂದಲದ ಬೇರು ಇರುವುದೇ ಇಲ್ಲಿ. ಇದಕ್ಕೆ ನಾವು ಗೊತ್ತುವಳಿ ಅನ್ನುತ್ತೇವೆ, ನಿರ್ಣಯ ಅನ್ನುತ್ತೇವೆ, ಪ್ರಸ್ತಾವ ಅನ್ನುತ್ತೇವೆ, ಬಾಯಿಗೆ ಬಂದದ್ದು. ಗೊತ್ತುವಳಿಯನ್ನೇ ಬಿಡಿಸಿ ನೋಡಿ. ಹುಟ್ಟು ಸೇರಿ ಹುಟ್ಟುವಳಿ, ನಿಲ್ಲು ಸೇರಿ ನಿಲುವಳಿ, ಹಿಡಿ ಸೇರಿ ಹಿಡುವಳಿ. ಹಾಗೆಯೇ ಗೊತ್ತು ಸೇರಿ ಗೊತ್ತುವಳಿ. ಇಲ್ಲಿ ಗೊತ್ತು ಅಂದರೆ ತಿಳಿವಳಿಕೆ ಮಾತ್ರ ಅಲ್ಲ. ‘ಮದುವೆ ಗೊತ್ತಾಯ್ತು’, ‘ದಿನ ಗೊತ್ತು ಮಾಡಿದರು’ ಅನ್ನುತ್ತೇವಲ್ಲ, ಆ ಗೊತ್ತು. ನಿಕ್ಕಿಯಾಗುವುದು. ಅಂದರೆ ನ್ಯಾಯವಾಗಿ ಗೊತ್ತುವಳಿ ಎಂದರೆ ಸಭೆ ಕೂತು ನಿಕ್ಕಿ ಮಾಡಿದ್ದು. ನಿರ್ಣಯವೂ ಅದೇ. ಮೋಷನ್ ಇದರ ಹಿಂದಿನ ಮೆಟ್ಟಿಲು, ‘ಹೀಗೆ ನಿಕ್ಕಿ ಮಾಡೋಣವೇ?’ ಎಂಬ ಕೇಳಿಕೆ. ಸದನ ‘ಹೂಂ’ ಅಂದ ಮೇಲೆ ಅದು ನಿರ್ಣಯ.

ನಾವೋ ‘ಅವಿಶ್ವಾಸ ನಿರ್ಣಯ ಮಂಡನೆ’ ಎಂದು ಬರೆಯುತ್ತಾ ಬಂದವರು. ನಿರ್ಣಯ ಆಗಿಹೋಗಿದ್ದರೆ ಇನ್ನು ಮಂಡಿಸುವುದೇನು? ನಮ್ಮ ಸದನಗಳ ಸುದ್ದಿಯಲ್ಲಿ ಇದರಿಂದ ದೊಡ್ಡ ಅಪಾಯ ಇಲ್ಲ, ಮುಂದೇನಾಗುತ್ತದೆ ಎಂದು ಓದುಗರಿಗೆ ತಿಳಿದಿರುತ್ತದೆ. ಪರದೇಶದ ಸುದ್ದಿಯಲ್ಲಿ ಅರ್ಥವೇ ಕೆಡುತ್ತದೆ. ತಮಾಷೆ ಅಂದರೆ ಸರಿಯಾದ ಪದ ವಿಧಾನಸೌಧದಲ್ಲೇ ಬಿದ್ದಿದೆ: ಸೂಚನೆ. ನಿಲುವಳಿ ಸೂಚನೆ, ಗಮನ ಸೆಳೆಯುವ ಸೂಚನೆ ಎಂದು ದಿನಾ ಬಳಸುತ್ತೇವೆ. ಅರ್ಲಿ ಡೇ ಮೋಷನ್‌ಗೆ ‘ದಿನ ಗೊತ್ತಾಗದ ಸೂಚನೆ’ ಅಂದರೆ ಯಾರಿಗೂ ಮೋಸವಿಲ್ಲ.

ವರದಿಗಾರರನ್ನು ಪೂರ್ತಿ ಬೈಯುವಂತೆಯೂ ಇಲ್ಲ. ಆ ಕಾಗದದ ಭಾಷೆಯೇ ದಾರಿ ತಪ್ಪಿಸುತ್ತದೆ. ಎಷ್ಟೇ ವಿಷಯ ಇದ್ದರೂ ಇಡೀ ಪಠ್ಯ ಒಂದೇ ವಾಕ್ಯದಲ್ಲಿರಬೇಕು, 250 ಪದ ಮೀರಬಾರದು. ಶುರುವಾಗುವುದು ‘ಈ ಸದನವು’ ಎಂದು. ಹೆಚ್ಚುಕಡಿಮೆ ಹೀಗಿರುತ್ತದೆ: ‘ಈ ಸದನವು ಹೆರಿಗೆ ಸಾವುಗಳಲ್ಲಿನ ಜನಾಂಗೀಯ ಅಂತರವನ್ನು ಗಮನಿಸುತ್ತದೆ, ಅದು ಇನ್ನೂ ಉಳಿದಿರುವುದಕ್ಕೆ ವಿಷಾದಿಸುತ್ತದೆ, ಗುರಿ ನಿಗದಿ ಮಾಡುವಂತೆ ಸರ್ಕಾರವನ್ನು ಒತ್ತಾಯಿಸುತ್ತದೆ.’ ಓದಿದವರಿಗೆ ಸದನವೇ ಎದ್ದು ನಿಂತು ಮಾತಾಡಿದಂತೆ ಕೇಳಿಸುತ್ತದೆ. ಆದರೆ ಇದನ್ನು ಬರೆದದ್ದು ಒಬ್ಬರು. ಸದನ ಇದನ್ನು ಒಪ್ಪಿದರೆ ಹೀಗೆ ಅನ್ನುತ್ತದೆ ಎಂಬ ಕರಡು ಅದು. ಒಟ್ಟು 650 ಸಂಸದರಲ್ಲಿ ಬಹುಪಾಲು ಜನ ಅದನ್ನು ಓದಿಯೇ ಇರುವುದಿಲ್ಲ. ಮಂತ್ರಿಗಳು, ವಿಪ್‌ಗಳು ಸಂಪ್ರದಾಯದ ಪ್ರಕಾರ ಸಹಿ ಹಾಕುವುದಿಲ್ಲ.

ಇನ್ನೂ ನಂಬಿಕೆ ಬಾರದಿದ್ದರೆ 2004ರ ಮೇ ತಿಂಗಳ 1255ನೇ ಸೂಚನೆ ನೋಡಿ. ಪಾರಿವಾಳಗಳನ್ನು ಬಾಂಬಿನಂತೆ ಬಳಸುವ ಯೋಚನೆ ಇತ್ತೆಂದು ಹಳೆಯ ಕಡತಗಳಿಂದ ತಿಳಿದಾಗ ಟೋನಿ ಬ್ಯಾಂಕ್ಸ್ ಎಂಬ ಸಂಸದರಿಗೆ ಸಿಟ್ಟು ಬಂತು. ಮನುಷ್ಯನಷ್ಟು ಕ್ರೂರ ಪ್ರಾಣಿ ಇನ್ನೊಂದಿಲ್ಲ, ಕ್ಷುದ್ರಗ್ರಹವೊಂದು ಭೂಮಿಗೆ ಅಪ್ಪಳಿಸಿ ಈ ಜಾತಿಯನ್ನೇ ಅಳಿಸಿಹಾಕುವ ದಿನವನ್ನು ‘ಈ ಸದನವು’ ಎದುರು ನೋಡುತ್ತದೆ ಎಂದು ಬರೆದುಕೊಟ್ಟರು. ನಮ್ಮ ಶೀರ್ಷಿಕೆಗಳ ಲೆಕ್ಕದಲ್ಲಿ ಇದೂ ಬ್ರಿಟನ್ ಸಂಸತ್ತಿನ ನಿರ್ಣಯವೇ ಆಗಬೇಕು, ಅಲ್ವಾ?

‘ಮಂಡಿಸಿದರು’ ಅನ್ನುವುದೂ ಸರಿಯಿಲ್ಲ. ಯಾರೂ ಎದ್ದು ನಿಂತು ಏನೂ ಓದುವುದಿಲ್ಲ. ಟೇಬಲ್ ಆಫೀಸ್ ಎಂಬ ಕಚೇರಿಗೆ ಪಠ್ಯ ತಲುಪಿಸಿದರೆ ಮುಗಿಯಿತು. ಅದನ್ನೇ ಅವರು ‘ಟೇಬಲ್ ಮಾಡುವುದು’ ಅನ್ನುತ್ತಾರೆ. ಇದೇ ಮಾತಿಗೆ ಅಮೆರಿಕದಲ್ಲಿ ‘ಪಕ್ಕಕ್ಕೆ ಇಡು’ ಎಂದು ಅರ್ಥ. ಆ ಕಥೆ ಬೇರೆ.

ಒಂದು ಸಲವಂತೂ ಆ ‘ನಾಳೆ’ ನಿಜವಾಗಿ ಬಂತು. 1979ರಲ್ಲಿ ಮಾರ್ಗರೆಟ್ ಥ್ಯಾಚರ್ ಕ್ಯಾಲಹನ್ ಸರ್ಕಾರದ ಮೇಲೆ ವಿಶ್ವಾಸವಿಲ್ಲ ಎಂದು ಕೊಟ್ಟದ್ದೂ ಇಂಥದ್ದೇ ಸೂಚನೆ. ಮಾರ್ಚ್ 28ರಂದು ಅದು ಚರ್ಚೆಗೆ ಬಂದು 311–310ರಲ್ಲಿ ಗೆದ್ದಿತು, ಸರ್ಕಾರ ಒಂದೇ ಮತದಿಂದ ಬಿತ್ತು. ಆವತ್ತು ಅದು ನಿರ್ಣಯ ಆಯಿತು. ಆದರೆ ವಿರೋಧ ಪಕ್ಷದ ನಾಯಕಿಯ ಸೂಚನೆಗೆ ದಿನ ಸಿಕ್ಕಿದ್ದನ್ನು ನೋಡಿ ಹಿಂದಿನ ಬೆಂಚಿನ ಸಾಮಾನ್ಯ ಸಂಸದರಿಗೂ ಸಿಗುತ್ತದೆ ಎಂದುಕೊಳ್ಳಬಾರದು.

ಹಾಗಾದರೆ ಇದು ಸುಮ್ನೆ ಕಾಗದ ಖರ್ಚೇ? ಹಾಗೂ ಅಲ್ಲ. ಜನಾಂಗೀಯ ಸಮಾನತೆ ಮತ್ತು ಆರೋಗ್ಯ ಒಟ್ಟಿಗೆ ಬರುವ ವಿಷಯಗಳು ಸರ್ಕಾರದ ಕಲಾಪ ಪಟ್ಟಿಗೆ ತಾವಾಗಿ ಬರುವುದಿಲ್ಲ. ಯಾರಾದರೂ ಎಳೆದು ತರಬೇಕು, ಅದಕ್ಕಿರುವ ದಾರಿಗಳಲ್ಲಿ ಇದೂ ಒಂದು.

ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ, ವಂಶಪಾರಂಪರ್ಯವಾಗಿ ಬರುವ ಸಿಕಲ್ ಸೆಲ್ ಕಾಯಿಲೆಯನ್ನೇ ತೆಗೆದುಕೊಳ್ಳಿ. ಬ್ರಿಟನ್ನಿನಲ್ಲಿ ಇದು ಹೆಚ್ಚಾಗಿ ಆಫ್ರಿಕಾ ಮತ್ತು ಕೆರಿಬಿಯನ್ ಮೂಲದವರಿಗೆ ಬರುತ್ತದೆ. (ನಮ್ಮಲ್ಲಿ ಬುಡಕಟ್ಟು ಜನರಲ್ಲಿ ಜಾಸ್ತಿ. 2023ರ ರಾಷ್ಟ್ರೀಯ ಅಭಿಯಾನದ 17 ರಾಜ್ಯಗಳಲ್ಲಿ ಕರ್ನಾಟಕವೂ ಇದೆ.) ಇಂಗ್ಲೆಂಡಿನಲ್ಲಿ ವೈದ್ಯರು ಬರೆದ ಒಂದೊಂದು ಔಷಧಕ್ಕೂ ಶುಲ್ಕ ಕಟ್ಟಬೇಕು, 2024ರ ಮೇ ತಿಂಗಳಲ್ಲಿ ಅದು 9.90 ಪೌಂಡ್ ಆಯಿತು. ಕೆಲವು ಕಾಯಿಲೆಗಳಿಗೆ ವಿನಾಯಿತಿ ಇದೆ. ಇನ್ಸುಲಿನ್ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರು ಕಟ್ಟಬೇಕಿಲ್ಲ. ಸಿಕಲ್ ಸೆಲ್ ಇರುವವರು ಕಟ್ಟಬೇಕು. ಏಕೆಂದರೆ ಪಟ್ಟಿ ಆದದ್ದು 1968ರಲ್ಲಿ. ಆ ಕಾಯಿಲೆಯ ಮಕ್ಕಳು ದೊಡ್ಡವರಾಗುವ ತನಕ ಬದುಕುವುದು ಆಗ ಅಪರೂಪವಾಗಿತ್ತು. ಮಕ್ಕಳಿಗೆ ಹೇಗೂ ಶುಲ್ಕ ಇಲ್ಲ. ಈಗ ಬದುಕುತ್ತಾರೆ, ಶುಲ್ಕ ಕಟ್ಟುತ್ತಾರೆ. 2009ರಲ್ಲಿ ಕ್ಯಾನ್ಸರ್ ಆ ಪಟ್ಟಿಗೆ ಸೇರಿತು, ಇದು ಸೇರಲಿಲ್ಲ.

ಅದೇ ಕಾಯಿಲೆಯ 21ರ ಯುವಕನೊಬ್ಬ 2019ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡ. ಆಮ್ಲಜನಕ ಬೇಕೆಂದು ಹಾಸಿಗೆಯಲ್ಲೇ ಮಲಗಿ 999ಕ್ಕೆ ಫೋನ್ ಮಾಡಿದ್ದ. ಆಸ್ಪತ್ರೆಯೊಳಗಿಂದ ಆ್ಯಂಬುಲೆನ್ಸ್ ನಂಬರಿಗೆ! ಅದಾದ ಮೇಲೆ, 2021ರ ನವೆಂಬರ್‌ನಲ್ಲಿ, ಸಿಕಲ್ ಸೆಲ್ ಕುರಿತ ಸರ್ವಪಕ್ಷ ಸಂಸದರ ಗುಂಪು ಒಂದು ವರದಿ ತಂದಿತು. ನೋವು ತಾಳಲಾರದೆ ಬಂದವರನ್ನು ಸಿಬ್ಬಂದಿ ಅಮಲಿಗಾಗಿ ಬಂದವರಂತೆ ಅನುಮಾನಿಸುವುದು, ಕಾಯಿಲೆಯ ಬಗ್ಗೆ ತಿಳಿವಳಿಕೆಯೇ ಇಲ್ಲದಿರುವುದು, ಇದರ ಹಿಂದಿನ ಜನಾಂಗೀಯ ಪೂರ್ವಗ್ರಹ, ಎಲ್ಲವೂ ಅದರಲ್ಲಿತ್ತು. ಇದನ್ನು ನಾವು ‘ಸಂಸದೀಯ ಸಮಿತಿ ವರದಿ’ ಎಂದು ಬರೆದರೆ ಅದೂ ತಪ್ಪು. ಸರ್ವಪಕ್ಷ ಗುಂಪು ಅಂದರೆ ಆಸಕ್ತ ಸಂಸದರ ಕೂಟ, ಅಧಿಕೃತ ಸಮಿತಿ ಅಲ್ಲ. ಅಧಿಕೃತ ಸಮಿತಿಯ ವರದಿಗೆ ಸರ್ಕಾರ ಎರಡು ತಿಂಗಳಲ್ಲಿ ಉತ್ತರ ಕೊಡುವುದು ರೂಢಿ. ಕೂಟಕ್ಕೂ, ದಿನ ಗೊತ್ತಾಗದ ಸೂಚನೆಗೂ ಉತ್ತರ ಕೊಡಲೇಬೇಕೆಂದಿಲ್ಲ.

ಹೆರಿಗೆ ಸಾವಿನ ವಿಷಯ ಇನ್ನೊಂದು ದಾರಿಯಲ್ಲಿ ಹೋಯಿತು. 2016–18ರ ಅಂಕಿಅಂಶದಲ್ಲಿ ಬ್ರಿಟನ್ನಿನಲ್ಲಿ ಗರ್ಭಿಣಿ ಬಾಣಂತಿಯರ ಸಾವು ಬಿಳಿಯರಲ್ಲಿ ಲಕ್ಷ ಹೆರಿಗೆಗೆ 8, ಏಷ್ಯನ್ನರಲ್ಲಿ 15, ಕಪ್ಪುವರ್ಣೀಯರಲ್ಲಿ 34. ಆ 15ರ ಲೆಕ್ಕದಲ್ಲಿ ಅಲ್ಲಿಗೆ ಹೋಗಿ ನೆಲೆಸಿದ ನಮ್ಮವರೂ ಬರುತ್ತಾರೆ. ಇದರ ಮೇಲೆ ಹಾಕಿದ ಆನ್‌ಲೈನ್ ಅರ್ಜಿಗೆ 1.87 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಅಲ್ಲಿ 10 ಸಾವಿರ ದಾಟಿದರೆ ಸರ್ಕಾರ ಉತ್ತರಿಸುತ್ತದೆ, ಲಕ್ಷ ದಾಟಿದರೆ ಚರ್ಚೆಗೆ ಪರಿಗಣಿಸುತ್ತಾರೆ. 2021ರ ಏಪ್ರಿಲ್ 19ರಂದು ವೆಸ್ಟ್‌ಮಿನ್‌ಸ್ಟರ್ ಹಾಲ್ ಚರ್ಚೆ, ಅಂದರೆ ಮುಖ್ಯ ಸದನದ ಹೊರಗಿನ ವೇದಿಕೆಯ ಚರ್ಚೆ, ನಡೆಯಿತು. ಸಂಸದೆ ಬೆಲ್ ರಿಬೇರೊ-ಆ್ಯಡಿ ತಮ್ಮ ಮಗಳನ್ನು ಕಳೆದುಕೊಂಡದ್ದನ್ನೂ ಅಲ್ಲಿ ಹೇಳಿದರು. ಮಂತ್ರಿ ಎದುರಿಗೇ ಕೂತು ಉತ್ತರ ಕೊಡಬೇಕಾಯಿತು. ಆದರೆ ಇಲ್ಲೂ ನಿರ್ಣಯ ಇಲ್ಲ. ಅಲ್ಲಿ ‘ಈ ವಿಷಯವನ್ನು ಸದನ ಪರಿಗಣಿಸಿದೆ’ ಅನ್ನುವುದಷ್ಟೇ ಆಗುತ್ತದೆ.

ಅದಕ್ಕೆ ಒಂದೂವರೆ ತಿಂಗಳ ಮುಂಚೆ, ಮಾರ್ಚ್ 8ಕ್ಕೆ, ಇದೇ ಬಗೆಯ ಅರ್ಜಿಯಿಂದ ಇದೇ ವೇದಿಕೆಯಲ್ಲಿ ಭಾರತದ ರೈತ ಹೋರಾಟದ ಚರ್ಚೆ ನಡೆದಿತ್ತು. ಆಗ ಇಲ್ಲಿ ಎದ್ದ ಗದ್ದಲ ನೆನಪಿದೆಯಲ್ಲ? ಮರುದಿನ ಬ್ರಿಟನ್ನಿನ ಹೈಕಮಿಷನರ್ ಅವರನ್ನು ಕರೆಸಿ ಆಕ್ಷೇಪ ಹೇಳಲಾಯಿತು. ಮಾರ್ಚ್ 15ಕ್ಕೆ ರಾಜ್ಯಸಭೆಯಲ್ಲಿ ಅಶ್ವಿನಿ ವೈಷ್ಣವ್ ಬ್ರಿಟನ್ನಿನ ಜನಾಂಗೀಯ ತಾರತಮ್ಯದ ವಿಷಯ ಎತ್ತಿದರು, ಉಡುಪಿ ಮೂಲದ ಆಕ್ಸ್‌ಫರ್ಡ್ ವಿದ್ಯಾರ್ಥಿನಿಯೊಬ್ಬರ ಪ್ರಸಂಗವನ್ನೂ ಹೇಳಿದರು. ಜೈಶಂಕರ್ ಉತ್ತರ ಕೊಟ್ಟರು. ಅದನ್ನು ನಾವು ‘ಪ್ರಸ್ತಾಪ’ ಅಂದೆವು, ಸರಿಯಾಗೇ ಅಂದೆವು. ನಮ್ಮ ಸದನದಲ್ಲಿ ಒಬ್ಬರು ಎತ್ತಿದರೆ ಪ್ರಸ್ತಾಪ, ಅವರ ಸದನದಲ್ಲಿ ಒಬ್ಬರು ಬರೆದುಕೊಟ್ಟರೆ ನಿರ್ಣಯ. ಇದೆಂಥ ಲೆಕ್ಕ?

ಸುದ್ದಿ ಬರೆಯುವವರು ನೋಡಬೇಕಾದ್ದು ಕಡಿಮೆ. ಸೂಚನೆಯ ಮೇಲೆ ಒಂದು ಸಂಖ್ಯೆ ಇರುತ್ತದೆ, ಎಷ್ಟು ಸಹಿ, ಯಾವ ಪಕ್ಷದವರದು ಎಂಬುದೂ ಇರುತ್ತದೆ. ಸಂಖ್ಯೆಯ ಕೊನೆಗೆ ಎ1 ಎಂದಿದ್ದರೆ ಅದು ಇನ್ನೊಬ್ಬರ ತಿದ್ದುಪಡಿ, ಮೂಲದವರು ಹೇಳಿದ್ದಕ್ಕೆ ಪೂರ್ತಿ ಉಲ್ಟಾ ಇರಲೂಬಹುದು. ಅಧಿವೇಶನ ಮುಗಿದ ದಿನ ಎಲ್ಲವೂ ಬಿದ್ದುಹೋಗುತ್ತವೆ, ಮುಂದಿನದರಲ್ಲಿ ಎಣಿಕೆ 1ರಿಂದ ಶುರು. ವಿಷಯ ಬಿಡಬಾರದು ಅನ್ನುವವರು ಮತ್ತೆ ಬರೆದುಕೊಡಬೇಕು, ಮತ್ತೆ ಸಹಿ ಕೇಳಿಕೊಂಡು ಓಡಾಡಬೇಕು.