ಅಡಿಕೆ ಕೈಜಾರಿದ ಹೊತ್ತು ಎಷ್ಟು?

ಅಡಿಕೆ ಸುಗ್ಗಿಯ ಒಂದು ಸಂಜೆ, ತೀರ್ಥಹಳ್ಳಿಯ ಆಚೆಯ ಹಳ್ಳಿಯೊಂದರಿಂದ ಅರವತ್ತರ ಆಸುಪಾಸಿನ ಹೆಂಗಸೊಬ್ಬರನ್ನು ಶಿವಮೊಗ್ಗಕ್ಕೆ ಕರೆತಂದಿದ್ದರು. ಬೆಳಿಗ್ಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುತ್ತಿದ್ದಾಗ ಎಡಗೈಯಲ್ಲಿ ಹಿಡಿದ ಅಡಿಕೆ ಮತ್ತೆ ಮತ್ತೆ ಜಾರಿ ಬಿದ್ದಿತ್ತು. ಬಾಯಲ್ಲಿದ್ದ ಕವಳದ ರಸ ತುಟಿಯ ಒಂದೇ ಮೂಲೆಯಿಂದ ಇಳಿದು ಸೀರೆಗೆ ತಾಗಿದ್ದು ಅವರಿಗೆ ತಿಳಿದಿರಲಿಲ್ಲ. ಪಿತ್ತವಿರಬೇಕೆಂದು ಮನೆಯವರು ಕಷಾಯ ಕುಡಿಸಿ ಮಲಗಿಸಿದ್ದರು.

"ಶುರುವಾದದ್ದು ಎಷ್ಟು ಹೊತ್ತಿಗೆ?" ಎಂದು ಕೇಳಿದೆ.

"ಹತ್ತು ಗಂಟೆ ಕಾಫಿ ಹೊತ್ತಿಗೆ ಡಾಕ್ಟ್ರೇ, ಆದ್ರೆ ಅಮ್ಮ ನಂಗೇನೂ ಆಗಿಲ್ಲ ಅಂತಾನೇ ಇದ್ರು," ಎಂದರು ಮಗ.

ತಾಯಿ ಸುಳ್ಳು ಹೇಳಿರಲಿಲ್ಲ. ಅವರಿಗೆ ಬಡಿದದ್ದು ಪಾರ್ಶ್ವವಾಯು, ಅಂದರೆ ಮಿದುಳಿನ ರಕ್ತನಾಳ ಹೆಪ್ಪಿನಿಂದ ಕಟ್ಟಿಕೊಳ್ಳುವುದು ಅಥವಾ ಒಡೆದು ರಕ್ತ ಸುರಿಯುವುದು. ಇದರಿಂದ ಮಿದುಳಿನ ಬಲಭಾಗಕ್ಕೆ ಹಾನಿಯಾದಾಗ ಎಡಗೈ ಸೋತಿರುವ ಅರಿವೇ ರೋಗಿಗೆ ಇಲ್ಲದಿರಬಹುದು. ಪಾರ್ಶ್ವವಾಯುವಿನಲ್ಲಿ ಸಾಮಾನ್ಯವಾಗಿ ನೋವೂ ಇರುವುದಿಲ್ಲವಾದ್ದರಿಂದ, ಪಕ್ಕದಲ್ಲಿದ್ದವರ ಕಣ್ಣೇ ಇಲ್ಲಿ ಮೊದಲ ತಪಾಸಣೆ. ನಕ್ಕಾಗ ಬಾಯಿ ಒಂದು ಕಡೆಗೆ ಓರೆಯಾಗುವುದು, ಎರಡೂ ಕೈ ಎತ್ತಿ ಹಿಡಿದಾಗ ಒಂದು ತಾನಾಗಿ ಇಳಿಯುವುದು, ಮಾತು ತೊದಲುವುದು ಅಥವಾ ಹೇಳಿದ್ದು ಅರ್ಥವಾಗದಿರುವುದು, ದೃಷ್ಟಿ ಹಠಾತ್ತನೆ ಮಸುಕಾಗುವುದು, ನಡಿಗೆ ತೂರಾಡುವುದು: ಇವುಗಳಲ್ಲಿ ಒಂದು ಕಂಡರೂ ಸಾಕು, ಹೊರಡಬೇಕು.

ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಲಕ್ಷಣ ಆರಂಭವಾದ 4.5 ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಮಾಡಿ ರಕ್ತಸ್ರಾವವಾಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ದೊಡ್ಡ ರಕ್ತನಾಳ ಕಟ್ಟಿದವರಲ್ಲಿ, ಆಯ್ದ ಕೆಲವರಿಗೆ, ನಳಿಕೆ ತೂರಿಸಿ ಹೆಪ್ಪು ತೆಗೆಯಲು 24 ಗಂಟೆಯವರೆಗೂ ಅವಕಾಶವುಂಟು, ಆದರೆ ಅದನ್ನು ನಂಬಿ ಕೂರಬಾರದು. ಘಟ್ಟದ ತಿರುವು, ಮಳೆಗಾಲದ ರಸ್ತೆ, ಸಿಗ್ನಲ್ ಇಲ್ಲದ ಫೋನು, ಇವೆಲ್ಲ ನಮ್ಮ ಮಲೆನಾಡಿನವರ ಆ ನಾಲ್ಕೂವರೆ ಗಂಟೆಯನ್ನೇ ತಿನ್ನುತ್ತವೆ. ಆ ತಾಯಿಗೆ ಇಂಜೆಕ್ಷನ್ನಿನ ಹೊತ್ತು ಮೀರಿತ್ತು.

ನನ್ನನ್ನು ಹೆಚ್ಚು ಕಾಡುವುದು ಬಂದು ಹೋಗುವ ಲಕ್ಷಣ. ಹತ್ತು ನಿಮಿಷ ಕೈ ಸೋತು ಮತ್ತೆ ಸರಿಹೋದರೆ ಎಲ್ಲರೂ ದೇವರಿಗೆ ಕೈಮುಗಿದು ಸುಮ್ಮನಾಗುತ್ತಾರೆ. ಅದರ ಬೆನ್ನಲ್ಲೇ ಪೂರ್ಣ ಪಾರ್ಶ್ವವಾಯು ಬಡಿಯುವ ಅಪಾಯ ಮೊದಲ ಎರಡು ದಿನಗಳಲ್ಲೇ ಅತಿ ಹೆಚ್ಚು. ಸರಿಹೋದವರನ್ನೂ ಅದೇ ದಿನ ಕರೆತನ್ನಿ.

ನುಂಗಲು ಕಷ್ಟವಾಗಿ ಶ್ವಾಸಕೋಶಕ್ಕೆ ಇಳಿಯುವ ಭಯವಿರುವುದರಿಂದ ನೀರು, ಕಷಾಯ, ಮಾತ್ರೆ ಯಾವುದನ್ನೂ ಬಾಯಿಗೆ ಹಾಕಬೇಡಿ. ಪಾರಿವಾಳದ ರಕ್ತ ತಿಕ್ಕಿಸಲು ಅಲೆಯಬೇಡಿ. 108ಕ್ಕೆ ಕರೆ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಬನ್ನಿ. ನಿದ್ದೆಯಿಂದ ಎದ್ದಾಗಲೇ ಕೈ ಸೋತಿದ್ದರೆ, ಕೊನೆಯ ಬಾರಿ ಸರಿಯಾಗಿದ್ದುದನ್ನು ಕಂಡ ಹೊತ್ತನ್ನು ಹೇಳಿ. ದಿನವೂ ನುಂಗುವ ಮಾತ್ರೆಗಳ ಚೀಟಿಯನ್ನು, ಮುಖ್ಯವಾಗಿ ರಕ್ತ ತೆಳುವಾಗಿಸುವ ಮಾತ್ರೆಯಿದ್ದರೆ ಅದನ್ನು, ಮರೆಯದೆ ಜೊತೆಗೆ ತನ್ನಿ.