ಮೈಲುತುತ್ತದ ತಾಮ್ರ ಡಿಎನ್‌ಎ ಕತ್ತರಿಸುತ್ತದಾ?

ಪ್ರಶ್ನೆ: ಕುಷ್ಟಗಿ ಹತ್ತಿರ ನಮ್ಮ ದಾಳಿಂಬೆ ತೋಟ ಇದೆ. ಮಗಳು ಬಳ್ಳಾರಿಯಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಓದುತ್ತಾಳೆ. ತಾಮ್ರದ ಕಾಂಪ್ಲೆಕ್ಸ್‌ಗಳು ಡಿಎನ್‌ಎಗೆ ಅಂಟಿಕೊಂಡು ಅದನ್ನು ಕತ್ತರಿಸುತ್ತವೆ ಅಂದಳು. ನಾವು ಗಿಡಕ್ಕೆ ಹೊಡೆಯುವ ಮೈಲುತುತ್ತವೂ ತಾಮ್ರವೇ ಅಲ್ವಾ? ನಮಗೂ ಹಾಗೆ ಆಗುತ್ತದಾ?

ಉತ್ತರ: ಮಗಳು ಹೇಳಿದ್ದು ನಿಜ. ಆದರೆ ಅವಳ ಲ್ಯಾಬಿನ ತಾಮ್ರ ಬೇರೆ, ನಿಮ್ಮ ಡ್ರಮ್ಮಿನ ತಾಮ್ರ ಬೇರೆ.

ಲ್ಯಾಬಿನಲ್ಲೂ ಶುರು ಮಾಡುವುದು ಮೈಲುತುತ್ತದಂಥ ತಾಮ್ರದ ಉಪ್ಪಿನಿಂದಲೇ. ಅದಕ್ಕೆ ಫಿನಾಂತ್ರೋಲಿನ್‌ನಂಥ ಅಣು ಸೇರಿಸುತ್ತಾರೆ. ಮೂರು ಉಂಗುರ ಕೂಡಿದ ಚಪ್ಪಟೆ ಅಣು ಅದು. ತನ್ನ ಎರಡು ನೈಟ್ರೋಜನ್‌ಗಳಿಂದ ತಾಮ್ರವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಹೀಗೆ ಹಿಡಿದಿಟ್ಟ ತಾಮ್ರವೇ ಕಾಂಪ್ಲೆಕ್ಸ್.

ಚಪ್ಪಟೆ ಆಗಿರುವುದೇ ಅದರ ಬಲ. ಡಿಎನ್‌ಎ ಅಂದರೆ ಎರಡು ಎಳೆ ಹೆಣೆದ ಸುರುಳಿ. ಅದರೊಳಗೆ ಎರಡೂ ಎಳೆಗಳನ್ನು ಬೆಸೆಯುವ ಬೇಸ್ ಜೋಡಿಗಳು ಒಂದರ ಮೇಲೊಂದು ಪೇರಿಸಿದ ಕಡಕ್ ರೊಟ್ಟಿಗಳ ಹಾಗೆ ಕೂತಿರುತ್ತವೆ. ನಡುವಿನ ಅಂತರ ಸುಮಾರು 0.34 ನ್ಯಾನೋಮೀಟರ್. ಚಪ್ಪಟೆ ಅಣು ಆ ಸಂದಿಯಲ್ಲಿ ತೂರಬಲ್ಲದು. ಪೂರ್ತಿ ತೂರದಿದ್ದರೆ ಸುರುಳಿಯ ಮೈಮೇಲಿನ ತೋಡಿನಲ್ಲಿ ಕೂರುತ್ತದೆ. ಡಿಎನ್‌ಎಗೆ ಋಣ ಚಾರ್ಜ್, ಕಾಂಪ್ಲೆಕ್ಸ್‌ಗೆ ಸಾಮಾನ್ಯವಾಗಿ ಧನ ಚಾರ್ಜ್. ಆ ಸೆಳೆತವೂ ಕೂಡಿಕೊಳ್ಳುತ್ತದೆ.

ಸುಮ್ನೆ ಅಂಟಿಕೊಂಡರೆ ಡಿಎನ್‌ಎ ತುಂಡಾಗುವುದಿಲ್ಲ. ವಿಟಮಿನ್ ಸಿ ಅಥವಾ ಗಂಧಕ ಇರುವ ಥಯಾಲ್ ಒಂದು ಎಲೆಕ್ಟ್ರಾನ್ ಕೊಟ್ಟು +2 ಚಾರ್ಜಿನ ತಾಮ್ರವನ್ನು +1ಕ್ಕೆ ಇಳಿಸಬೇಕು. ಆಮೇಲೆ ಅದು ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿದಾಗ ತುಂಬ ಉಗ್ರವಾದ ಆಕ್ಸಿಜನ್ ರೂಪ ಹುಟ್ಟುತ್ತದೆ. ಹುಟ್ಟಿದ ಜಾಗದಲ್ಲೇ ಅದು ಡಿಎನ್‌ಎ ಎಳೆಯಲ್ಲಿರುವ ಸಕ್ಕರೆಯಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಸಕ್ಕರೆ ಮುರಿದರೆ ಎಳೆ ಹರಿಯಿತು. ತಾಮ್ರ +2ಕ್ಕೆ ಮರಳಿ ಇನ್ನೊಂದು ಸುತ್ತಿಗೆ ಸಿದ್ಧವಾಗುತ್ತದೆ. 1979ರಲ್ಲಿ ಅಮೆರಿಕದ ಡೇವಿಡ್ ಸಿಗ್ಮನ್ ತಂಡ ಇದನ್ನು ಕಂಡಿದ್ದು, ಫಿನಾಂತ್ರೋಲಿನ್ ಒಂದು ಕಿಣ್ವದ ಕೆಲಸವನ್ನು ಯಾಕೆ ತಡೆಯುತ್ತದೆ ಎಂದು ಹುಡುಕುವಾಗ!

ಮಗಳು ಇದನ್ನು ಜೆಲ್‌ನಲ್ಲಿ ತೋರಿಸಬಲ್ಲಳು. ಜೆಲ್ ಅಂದರೆ ಲೋಳೆಯಂಥ ಬಿಲ್ಲೆ. ಕರೆಂಟ್ ಹರಿಸಿದರೆ ಡಿಎನ್‌ಎ ಅದರೊಳಗೆ ಓಡಿ ಗೆರೆಯಾಗಿ ನಿಲ್ಲುತ್ತದೆ. ಬ್ಯಾಕ್ಟೀರಿಯಾದ ಉಂಗುರದಂಥ ಡಿಎನ್‌ಎ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಹಾಗಾಗಿ ಜೆಲ್‌ನಲ್ಲಿ ಬೇಗ ಓಡುತ್ತದೆ. ಒಂದು ಎಳೆ ಹರಿದರೆ ಸುತ್ತು ಬಿಚ್ಚಿ ಹಿಂದೆ ಉಳಿಯುತ್ತದೆ. ಎರಡೂ ಎಳೆ ಎದುರುಬದುರಿಗೆ ಹರಿದರೆ ಉದ್ದನೆಯ ದಾರವಾಗಿ ನಡುವೆ ನಿಲ್ಲುತ್ತದೆ. ಕ್ಯಾನ್ಸರ್ ಔಷಧಿ ಹುಡುಕುವವರಿಗೆ ಈ ಗೆರೆಗಳ ಮೇಲೆ ಆಸೆ ಜಾಸ್ತಿ. ನನಗೂ ಇದೆ. ಆದರೆ ಜೆಲ್‌ನಲ್ಲಿ ಕತ್ತರಿಸಿದ್ದೆಲ್ಲ ಔಷಧಿ ಆಗುವುದಿಲ್ಲ. ಆರೋಗ್ಯವಾಗಿರುವ ಜೀವಕೋಶವನ್ನು ಬಿಟ್ಟು ಗಡ್ಡೆಯನ್ನೇ ಹೊಡೆಯುವಂತೆ ಮಾಡುವುದೇ ಕಷ್ಟದ ಕೆಲಸ.

ಇನ್ನು ನಿಮ್ಮ ತೋಟ. ಮೈಲುತುತ್ತಕ್ಕೆ ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡುತ್ತೀರಿ. ಅದರಲ್ಲಿ ಡಿಎನ್‌ಎಗೆ ಅಂಟಿಸುವ ಚಪ್ಪಟೆ ಅಣು ಇಲ್ಲ. ಒಳಗೆ ಹೋದ ಅಲ್ಪಸ್ವಲ್ಪ ತಾಮ್ರವನ್ನು ನಮ್ಮ ಪ್ರೋಟೀನ್‌ಗಳು ಹಿಡಿದಿಡುತ್ತವೆ, ಬಿಡಿಯಾಗಿ ಅಡ್ಡಾಡಲು ಬಿಡುವುದಿಲ್ಲ. ನೀವು ಹೆದರಬೇಕಾದದ್ದು ಬೇರೆಯದಕ್ಕೆ. ಮೈಲುತುತ್ತದ ನೀರು ಕಣ್ಣಿಗೆ ಸಿಡಿದರೆ ಕಣ್ಣೇ ಕೆಡಬಹುದು. ಹೊಟ್ಟೆಗೆ ಹೋದರೆ ವಾಂತಿ, ಹೆಚ್ಚಾದರೆ ಲಿವರ್, ಕಿಡ್ನಿಗೂ ಪೆಟ್ಟು. ಕನ್ನಡಕ, ಗ್ಲೌಸ್, ಮಾಸ್ಕ್ ಇಲ್ಲದೆ ಪಂಪ್ ಹೊರಬೇಡಿ. ಕಣ್ಣಿಗೆ ಬಿದ್ದರೆ ಕೂಡಲೇ ಧಾರಾಳ ನೀರಿನಲ್ಲಿ ತೊಳೆದು ಡಾಕ್ಟರ್ ಹತ್ತಿರ ಹೋಗಿ.