ಹನಿಗೊಂದು ಕೋಶ: ಕಡಿಮೆ ಖರ್ಚಿನ ಡ್ರಾಪ್ಲೆಟ್ ಮೈಕ್ರೋಫ್ಲೂಯಿಡಿಕ್ಸ್

ಎಣ್ಣೆಯೊಳಗೆ ನೀರಿನ ಸಣ್ಣ ಹನಿಗಳನ್ನು ಮಾಡಿ, ಒಂದೊಂದನ್ನೂ ಪ್ರತ್ಯೇಕ ಪ್ರಯೋಗನಳಿಕೆಯಾಗಿ ಬಳಸುವುದು ಈ ವಿಧಾನ. 2015ರಲ್ಲಿ ಬಂದ ಡ್ರಾಪ್-ಸೀಕ್ ಮತ್ತು ಇನ್‌ಡ್ರಾಪ್ ಎಂಬ ತಂತ್ರಗಳು ಸಾವಿರಾರು ಕೋಶಗಳ ಆರ್‌ಎನ್‌ಎಯನ್ನು ಕೋಶವಾರು ಓದಿದ್ದು ಹೀಗೆ.

ಮೊದಲು ಲೆಕ್ಕ. 50 ಮೈಕ್ರೋಮೀಟರ್ ವ್ಯಾಸದ ಹನಿಯಲ್ಲಿ ಸುಮಾರು 65 ಪಿಕೊಲೀಟರ್ (ಲೀಟರ್‌ನ ಲಕ್ಷ ಕೋಟಿಯಲ್ಲೊಂದು ಪಾಲು ಒಂದು ಪಿಕೊಲೀಟರ್) ಹಿಡಿಯುತ್ತದೆ. ಯಾವ ಹನಿಗೆ ಎಷ್ಟು ಕೋಶ ಬೀಳುತ್ತದೆ ಎಂಬುದು ಪಾಯ್ಸಾನ್ ಹಂಚಿಕೆಯಂತೆ, ಅಂದರೆ ಆಕಸ್ಮಿಕ ಘಟನೆಗಳ ಎಣಿಕೆ ಹೇಳುವ ಸೂತ್ರದಂತೆ, ನಡೆಯುತ್ತದೆ. ಹನಿಗೆ ಸರಾಸರಿ 0.1 ಕೋಶ ಇಟ್ಟರೆ 90.5% ಹನಿಗಳು ಖಾಲಿ, 9% ಹನಿಗಳಲ್ಲಿ ಒಂದೇ ಕೋಶ. ಕೋಶವಿರುವ ಹನಿಗಳಲ್ಲಿ ಸುಮಾರು 5%ರಲ್ಲಿ ಎರಡು ಅಥವಾ ಹೆಚ್ಚು. ಖಾಲಿ ಹನಿ ದಂಡವೆಂದು ಸರಾಸರಿಯನ್ನು 0.3ಕ್ಕೆ ಏರಿಸಿದರೆ ಆ 5% ಸುಮಾರು 14% ಆಗುತ್ತದೆ. 0.1ಕ್ಕೆ ಬೇಕಾದ ಸಾಂದ್ರತೆ ಮಿಲಿಲೀಟರ್‌ಗೆ 15 ಲಕ್ಷ ಕೋಶ. ಹನಿಗಳನ್ನು ಮಾಡುವುದು ಸಣ್ಣ ಚಾನೆಲ್‌ಗಳಿರುವ ಒಂದು ಚಿಪ್; ಕೋಶದ ದ್ರಾವಣವೂ ಕೋಶ ಒಡೆಯುವ ಲೈಸಿಸ್ ದ್ರಾವಣವೂ ಸಮಪಾಲಾಗಿ ಹನಿಗೆ ಸೇರುವ ಚಿಪ್ ಆದರೆ ಸಿರಿಂಜ್‌ನಲ್ಲಿ 30 ಲಕ್ಷ ಇರಬೇಕು. ಇದನ್ನು ಮರೆಯುವವರೇ ಹೆಚ್ಚು.

ಚಿಪ್‌ಗೆ ಸಿಲ್ಗಾರ್ಡ್ 184 ಎಂಬ ಪಿಡಿಎಂಎಸ್ (ಪಾರದರ್ಶಕ ಸಿಲಿಕೋನ್ ರಬ್ಬರ್): ತೂಕದಲ್ಲಿ ಬೇಸ್ 10, ಕ್ಯೂರಿಂಗ್ ಏಜೆಂಟ್ 1. ಗುಳ್ಳೆ ತೆಗೆದು, 65 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡಿ. ಬಯಾಪ್ಸಿ ಪಂಚ್‌ನಿಂದ ತೂತು ಕೊರೆದ ಮೇಲೆ ಅಂಟುಟೇಪ್ ಒತ್ತಿ ಚೂರುಗಳನ್ನು ಎತ್ತಿಬಿಡಿ, ಇಲ್ಲದಿದ್ದರೆ ಅವೇ ಚಾನೆಲ್ ಮುಚ್ಚುತ್ತವೆ. ಗಾಜಿಗೆ ಅಂಟಿಸಲು ಕೊಡುವ ಪ್ಲಾಸ್ಮಾ (ಅಯಾನೀಕರಿಸಿದ ಅನಿಲ) ಚಾನೆಲ್‌ನ ಗೋಡೆಗೆ ನೀರು ಅಂಟುವಂತೆ ಮಾಡುತ್ತದೆ. ನಮಗೆ ಬೇಕಿರುವುದು ತದ್ವಿರುದ್ಧ. ಕಾರಿನ ಗಾಜಿಗೆ ಮಳೆನೀರು ನಿಲ್ಲದಂತೆ ಹಚ್ಚುವ ಆಕ್ವಾಪೆಲ್ ಅನ್ನು ಸೋಸಿ ಚಾನೆಲ್‌ಗೆ ಹಾಯಿಸಿ, ಗಾಳಿ ಊದಿ ಒಣಗಿಸಿದರೆ ಸಾಕು. ಎಣ್ಣೆ ಮತ್ತು ನೀರು ಸೇರುವ ಜಂಕ್ಷನ್‌ನಲ್ಲಿ ನೀರು ಹನಿಯಾಗಿ ಕತ್ತರಿಸಿಕೊಳ್ಳದೆ ಗೋಡೆ ಹಿಡಿದು ಹರಿಯುತ್ತಿದ್ದರೆ ಈ ಲೇಪ ಕೈಕೊಟ್ಟಿದೆ ಎಂದರ್ಥ. ಆಗ ವೇಗ ಬದಲಿಸುತ್ತ ಕೂರಬೇಡಿ, ಬೇರೆ ಚಿಪ್ ತೆಗೆದುಕೊಳ್ಳಿ. ಮೊದಲು ಎಣ್ಣೆ, ಆಮೇಲೆ ನೀರು. ಈ ಕ್ರಮ ತಪ್ಪಿದರೂ ಇದೇ ಗತಿ.

ಎಣ್ಣೆ ಎಂದರೆ ಎಚ್‌ಎಫ್‌ಇ-7500 ಎಂಬ ಫ್ಲೋರಿನ್‌ಯುಕ್ತ ದ್ರವ, ಅದರಲ್ಲಿ 2% ಫ್ಲೋರೋಸರ್ಫ್ಯಾಕ್ಟಂಟ್ (ಹನಿಯ ಮೇಲ್ಮೈಯಲ್ಲಿ ಕೂರುವ ಸಾಬೂನಿನಂಥ ವಸ್ತು). ಸರ್ಫ್ಯಾಕ್ಟಂಟ್ ಇಲ್ಲದಿದ್ದರೆ ಹನಿಗಳು ಕೂಡಿಕೊಳ್ಳುತ್ತವೆ. ಸಿಲಿಕೋನ್ ಎಣ್ಣೆ ಪಿಡಿಎಂಎಸ್ಸನ್ನು ಉಬ್ಬಿಸುತ್ತದೆ, ಆ ಉಳಿತಾಯ ಬೇಡ. ಈ ಎಣ್ಣೆ ನೀರಿಗಿಂತ ಭಾರ, ಹಾಗಾಗಿ ಟ್ಯೂಬ್‌ನಲ್ಲಿ ಹನಿಗಳು ಮೇಲೆ ತೇಲುತ್ತವೆ.

ಉಳಿತಾಯಕ್ಕೆ ನಿಜವಾದ ಜಾಗ ದ್ರವಗಳನ್ನು ಚಿಪ್‌ಗೆ ತಳ್ಳುವ ಸಿರಿಂಜ್ ಪಂಪ್. 3ಡಿ ಪ್ರಿಂಟ್ ಮಾಡಿದ ಭಾಗ, ಸ್ಟೆಪರ್ ಮೋಟಾರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರ್), ಒಂದು ಎಂ5 ಥ್ರೆಡೆಡ್ ರಾಡ್ ಇದ್ದರೆ ಪಂಪ್ ಆಯಿತು. ಆದರೆ ಮೋಟಾರ್ ಒಂದು ಸುತ್ತಿಗೆ 200 ಹೆಜ್ಜೆ, ರಾಡ್ ಸುತ್ತಿಗೆ 0.8 ಮಿಲಿಮೀಟರ್ ಮುಂದೆ ಹೋಗುತ್ತದೆ. ಹೆಜ್ಜೆಗೆ 4 ಮೈಕ್ರೋಮೀಟರ್. 10 ಮಿಲಿಲೀಟರ್ ಸಿರಿಂಜ್ ಹಾಕಿದರೆ ಒಂದು ಹೆಜ್ಜೆಗೆ ಸುಮಾರು 0.66 ಮೈಕ್ರೋಲೀಟರ್, ಅಂದರೆ ಹತ್ತು ಸಾವಿರ ಹನಿ! ಗಂಟೆಗೆ 500 ಮೈಕ್ರೋಲೀಟರ್ ವೇಗದಲ್ಲಿ ಐದು ಸೆಕೆಂಡಿಗೊಮ್ಮೆ ತಳ್ಳು, ನಡುವೆ ನಿಲುಗಡೆ. ಹನಿಗಳ ಗಾತ್ರ ಏರಿಳಿಯುವುದು ಇದರಿಂದಲೇ. 1 ಮಿಲಿಲೀಟರ್ ಸಿರಿಂಜ್ ಹಾಕಿ, ಮೋಟಾರ್ ನಡೆಸುವ ಡ್ರೈವರ್‌ನಲ್ಲಿ 16ರ ಮೈಕ್ರೋಸ್ಟೆಪ್ಪಿಂಗ್ (ಹೆಜ್ಜೆಯೊಂದನ್ನು 16 ಪಾಲು ಮಾಡುವುದು) ಇಡಿ.

ಸಿರಿಂಜ್‌ನಲ್ಲೇ ಕೋಶಗಳು ತಳ ಹಿಡಿದರೆ ಮೇಲಿನ ಲೆಕ್ಕವೆಲ್ಲ ಕೆಡುತ್ತದೆ. ಸುಮಾರು 15% ಆಪ್ಟಿಪ್ರೆಪ್ ಎಂಬ ಭಾರವಾದ ದ್ರಾವಣ ಬೆರೆಸಿದರೆ ದ್ರಾವಣದ ಸಾಂದ್ರತೆ ಹೆಚ್ಚಿ ಕೋಶಗಳು ತೇಲಿಕೊಂಡಿರುತ್ತವೆ. ಮಾದರಿ ಓಡಿಸುವ ಮುನ್ನ ಕೋಶವಿಲ್ಲದ ಬಫರ್ ದ್ರಾವಣದಿಂದ ಹನಿ ಮಾಡಿ ಸ್ಲೈಡ್ ಮೇಲಿಡಿ. ಐಪೀಸ್‌ಗೆ ಫೋನ್ ಹಿಡಿದು ಚಿತ್ರ ತೆಗೆದು, ಇಮೇಜ್‌ಜೆ ಎಂಬ ಚಿತ್ರ ಅಳೆಯುವ ತಂತ್ರಾಂಶದಲ್ಲಿ ನೂರು ಹನಿ ಅಳೆಯಿರಿ. ವ್ಯಾಸದ ವ್ಯತ್ಯಾಸ ಗುಣಾಂಕ (ಸರಾಸರಿಗೆ ಹೋಲಿಸಿದ ಏರಿಳಿತ) 5%ಕ್ಕಿಂತ ಕಡಿಮೆ ಬಂದ ಮೇಲೆಯೇ ಕೋಶಗಳನ್ನು ಮುಟ್ಟಿ.